ಗ್ರೀಸ್ ನೋಡಿ ಬಂದ ಬಲಗಾಲ ಚಪ್ಪಲಿ

ನಾನು ಒಂದು ಚಪ್ಪಲಿ. ಬಲಗಾಲಿನದು. ಎಡಗಾಲಿನದು ನನ್ನ ಒಡಹುಟ್ಟು, ಆದರೆ ಅದಕ್ಕೆ ಮಾತು ಕಡಿಮೆ, ಸಿಟ್ಟೂ ಕಡಿಮೆ. ಹಾಗಾಗಿ ಇಬ್ಬರ ಕಥೆಯನ್ನೂ ನಾನೇ ಹೇಳಬೇಕಾಗಿದೆ. ಚಪ್ಪಲಿ ಬಾಯಿ ಬಿಟ್ಟರೆ ಕೆಲವರಿಗೆ ಅವಮಾನವಾಗುತ್ತದೆ, ನನಗೆ ಗೊತ್ತು. ಆಗಲಿ ಬಿಡಿ. ಇಷ್ಟು ದಿನ ಇನ್ನೊಬ್ಬರ ಭಾರ ಹೊತ್ತಿದ್ದೇನೆ, ಒಂದು ಗಳಿಗೆ ನನ್ನ ಭಾರ ನೀವು ಹೊರಿ.

ನಾನು ಹುಟ್ಟಿದ್ದು ಅಥಣಿ ಕಡೆಯ ಒಂದು ಊರಿನಲ್ಲಿ, ಸಮಗಾರರ ಓಣಿಯಲ್ಲಿ. ಅದಕ್ಕೂ ಮೊದಲು ಎಮ್ಮೆಯ ತೊಗಲಾಗಿದ್ದೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿದ ನೀರಿನಲ್ಲಿ ನೆನೆದು ನೆನೆದು ನನ್ನ ಎಮ್ಮೆತನವೆಲ್ಲ ಕಳೆಯಿತು. ಬಿಸಿಲಿನಲ್ಲಿ ಒಣಗಿದೆ, ಕಲ್ಲಿನ ಮೇಲೆ ಬಡಿಸಿಕೊಂಡೆ, ಕಡೆಗೆ ಹದಕ್ಕೆ ಬಂದೆ. ನಮ್ಮ ಕಡೆ ತೊಗಲು ಕೊಯ್ಯುವವರು ಗಂಡಸರು, ಹೊಲಿಯುವವರು, ಹೆಣೆಯುವವರು ಹೆಂಗಸರು. ಸದಾಶಿವ ಎಂಬವನು ನನ್ನ ಅಡಿಯ ಅಟ್ಟೆ ಕೊಯ್ದ. ಅವನ ತಾಯಿ ಶೇವಂತವ್ವ ನನ್ನನ್ನು ಹೊಲಿದಳು. ಒಂದೇ ಒಂದು ಮೊಳೆ ಇಲ್ಲ ನನ್ನ ಮೈಯಲ್ಲಿ, ಪೂರ್ತಿ ತೊಗಲಿನ ದಾರದ ಹೊಲಿಗೆ. ಎರಡೂ ಬದಿಗೆ ಒಂದೊಂದು ಕಿವಿ. ನಮ್ಮಂಥ ಚಪ್ಪಲಿಯ ಅಂಚಿಗೆ ಇರುವ ತೊಗಲಿನ ಪಟ್ಟಿಗೆ ಕಿವಿ ಎಂದೇ ಹೆಸರು. ಆ ಕಿವಿಯಿಂದ ಕೇಳಬಾರದ್ದನ್ನೆಲ್ಲ ಕೇಳಿದ್ದೇನೆ.

ಶೇವಂತವ್ವನಿಗೆ ಆಗಲೇ ಕಣ್ಣು ಮಂಜಾಗಿದ್ದವು, ಬೆರಳು ಸೊಟ್ಟಗಾಗಿದ್ದವು. ಹೊಲಿಯುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಹಾಗಿದ್ದರೂ ನನ್ನನ್ನು ಹೊಲಿಯಲು ಕೂತಳಲ್ಲ, ಯಾಕೆಂದು ಹೇಳುತ್ತೇನೆ. ಅದನ್ನು ಹೇಳದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ.

ಅವರ ಮನೆತನಕ್ಕೆ ಒಂದು ಹಕ್ಕು ಇತ್ತು. ಹಕ್ಕು ಎಂದು ಊರವರು ಕರೆಯುತ್ತಿದ್ದರು, ನಾನು ಬೇರೆ ಹೆಸರು ಇಡುತ್ತಿದ್ದೆ. ಊರ ದೇವರಿಗೆ ವರ್ಷಕ್ಕೊಂದು ಜೊತೆ ಚಪ್ಪಲಿ ಹೊಲಿದು ಕೊಡುವುದು. ದೇವರು ಊರು ಕಾಯುತ್ತ ತಿರುಗುತ್ತಾನಂತೆ, ಚಪ್ಪಲಿ ಸವೆಯುತ್ತವಂತೆ. ಹೊಲಿಯುವಷ್ಟು ದಿನ ಶೇವಂತವ್ವ ಒಪ್ಪತ್ತು ಉಂಡು, ಮಿಂದು, ಒಗೆದ ಸೀರೆ ಉಟ್ಟು ಕೂರುತ್ತಿದ್ದಳು. ಹೊಲಿದು ಮುಗಿದ ಮೇಲೆ ತಲೆಯ ಮೇಲೆ ಹೊತ್ತು ಗುಡಿಯ ತನಕ ಒಯ್ಯುತ್ತಿದ್ದಳು. ಪೂಜಾರಿ ಹೊರಗೆ ಬಂದು, ನೀರು ಚಿಮುಕಿಸಿ, ಚಪ್ಪಲಿಯನ್ನು ಒಳಗೆ ಒಯ್ಯುತ್ತಿದ್ದ. ಒಳಗೆ ಅವಕ್ಕೆ ಕುಂಕುಮ, ಹೂವು, ಮಂಗಳಾರತಿ. ಶೇವಂತವ್ವ ಮಾತ್ರ ಹೊರಗೆ ಬೇವಿನ ಗಿಡದ ಬುಡದಲ್ಲಿ ನಿಂತು, ಗಂಟೆ ಸದ್ದು ಕೇಳಿ ಕೈಮುಗಿದು, ಮನೆಗೆ ಬರುತ್ತಿದ್ದಳು. ಚಪ್ಪಲಿ ಒಳಗೆ, ಹೊಲಿದವಳು ಹೊರಗೆ. ಇದೆಂಥ ನ್ಯಾಯವೋ ಶಿವನೇ!

ಈಗ ಕಾಲ ಬದಲಾಗಿದೆ ಎನ್ನುತ್ತಾರೆ. ಶೇವಂತವ್ವನೂ ಹೇಳುತ್ತಿದ್ದಳು: "ಈಗ ಯಾರೂ ಬರಬ್ಯಾಡ ಅನ್ನಾಂಗಿಲ್ಲವಾ. ಆದ್ರ ಬಾ ಅಂತನೂ ಯಾರೂ ಅನ್ನಾಂಗಿಲ್ಲ."

ಅವಳಿಗೆ ಸುಗಂಧಾ ಎಂಬ ಮಗಳಿದ್ದಳು. ಓದಿದಳು, ವಿಜಯಪುರದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸಿದಳು, ನಿವೃತ್ತಳಾದಳು. ಮದುವೆ ಆಗಲಿಲ್ಲ. ಗ್ರೀಸಿನ ಪಾಠ ಬಂದರೆ ಬೆಲ್ ಹೊಡೆದರೂ ಬಿಡುತ್ತಿರಲಿಲ್ಲವಂತೆ. ಆ ದ್ವೀಪಗಳನ್ನು ಒಂದು ಸಲ ಕಣ್ಣಾರೆ ನೋಡಬೇಕು ಎಂಬ ಹುಚ್ಚು ಅವಳಿಗೆ ಮೊದಲಿನಿಂದ ಇತ್ತು. ನಿವೃತ್ತಿ ಆಗಿದ್ದೇ ತಡ, ಟಿಕೆಟ್ ತೆಗೆಸಿದಳು. ಒಬ್ಬಳಿಗೇ.

ಸುದ್ದಿ ಹೇಳಲು ಊರಿಗೆ ಬಂದವಳು ತಾಯಿಗೆ ಫೋನಿನಲ್ಲಿ ಫೋಟೋ ತೋರಿಸಿದಳು. ಶೇವಂತವ್ವ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು.

"ಇದೇನವಾ ಇದು, ಬರೇ ಕಂಬ?"

"ಗುಡಿ ಬೇ. ಭಾಳ ಹಳೇ ಗುಡಿ. ಬಿದ್ದು ಹೋಗೇತಿ."

"ಮತ್ತ ಈ ಮಂದಿ ಬೂಟ್ ಹಾಕ್ಕೊಂಡು ಒಳಗ ನಿಂತಾರಲ್ಲ! ಪೂಜಾರಿ ಬೈಯಾಂಗಿಲ್ಲೇನ?"

"ಪೂಜಾರಿ ಇಲ್ಲವ್ವ ಅಲ್ಲೆ. ದೇವರೂ ಇಲ್ಲ."

"ಗುಡಿ ಐತಲ್ಲ, ಸಾಕು," ಎಂದಳು ಶೇವಂತವ್ವ.

ಮರುದಿನವೇ ಹಳೆಯ ಪೆಟ್ಟಿಗೆಯಿಂದ ದಬ್ಬಣ ಹೊರಗೆ ಬಂತು. ಸೊಸೆ, ಸದಾಶಿವನ ಹೆಂಡತಿ ಮಾಲನ, ಬೇಡ ಬೇಡ ಎಂದರೂ ಕೇಳಲಿಲ್ಲ. ಒಂದು ಹೊಲಿಗೆ ಹಾಕುವುದು, ಕೈ ಕೊಡವುವುದು, ಮತ್ತೊಂದು ಹೊಲಿಗೆ ಹಾಕುವುದು. ದಬ್ಬಣ ಬೆರಳಿಗೆ ಚುಚ್ಚಿದಾಗ ನನ್ನ ಮೇಲೆ ಒಂದು ಹನಿ ರಕ್ತ ಬಿತ್ತು, ಸೆರಗಿನಿಂದ ಒರೆಸಿ ಮುಂದುವರಿಸಿದಳು. ಅಟ್ಟೆಯ ಪದರಗಳ ನಡುವೆ ಸಣ್ಣ ಬೀಜಗಳನ್ನು ಇಟ್ಟು ಹೊಲಿದಳು, ನಡೆದರೆ ಕರ್ ಕರ್ ಎಂದು ಸದ್ದು ಬರಲಿ ಎಂದು. "ಕಳ್ಳರಂಗ ಹೋಗಬ್ಯಾಡ. ಸಪ್ಪಳ ಮಾಡಿಕೋತ ಹೋಗು" ಎಂದಳು ಮಗಳಿಗೆ.

ಹೊರಡುವ ದಿನ ನಮ್ಮಿಬ್ಬರನ್ನೂ ಮಗಳ ಕೈಗೆ ಕೊಟ್ಟು ಅವಳು ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ.

"ನಾ ಹೊಲಿದ ಚಪ್ಲಿ ದೇವರ ಕಾಲಾಗ ಗುಡಿಯೊಳಗ ಹೋದ್ವು. ನಮ್ಮ ಮನಿ ಕಾಲು ಒಂದೂ ಹೋಗಲಿಲ್ಲ. ನೀ ಇವನ್ನ ಹಾಕ್ಕೊಂಡು ಒಂದು ಗುಡಿಯೊಳಗ ಹೋಗಿ ಬಾ. ಹೊಸ್ತಲಾ ದಾಟಬೇಕ ನೋಡ ಮತ್ತ. ಅಂಗಳದಾಗ ನಿಂತು ಬಂದ್ಯಂದ್ರ ಲೆಕ್ಕಕ್ಕಿಲ್ಲ."

"ದಾಟತೀನಿ ಬೇ," ಎಂದಳು ಸುಗಂಧಾ.

ಮಾಲನ ಬಾಗಿಲಲ್ಲಿ ನಿಂತು, "ಅಕ್ಕಾರ, ಒಬ್ಬಾಕೀನ ಹೊಂಟೀರಲ್ಲ, ಅಂಜಿಕಿ ಬರಾಂಗಿಲ್ಲೇನ್ರಿ?" ಎಂದಳು.

"ಕಾಲೇಜದಾಗ ಇಷ್ಟು ವರ್ಷ ಒಬ್ಬಾಕೀನ ಕುಂತು ಚಹಾ ಕುಡದೀನಿ ಮಾಲನ. ಅಲ್ಲೂ ಕುಡೀತೀನಿ," ಎಂದು ಸುಗಂಧಾ ನಕ್ಕಳು. ಮಾಲನ ನಗಲಿಲ್ಲ.

ಸೂಟ್‌ಕೇಸಿನಲ್ಲಿ ನಮಗೆ ಜೊತೆಯಾಗಿದ್ದದ್ದು ಹೊಸದಾಗಿ ಕೊಂಡ ಒಂದು ಜೊತೆ ಸ್ಪೋರ್ಟ್ಸ್ ಶೂ. ರಬ್ಬರಿನ ನಾತ, ಮೈತುಂಬ ಬಣ್ಣ, ಮಾತಿಲ್ಲ ಕತೆಯಿಲ್ಲ. ಏರಿಳಿಯುವ ಕೆಲಸಕ್ಕೆಲ್ಲ ಅವೇ ಇರಲಿ ಎಂದು ಯಾರೋ ಹೇಳಿದ್ದರಂತೆ. ಆದರೆ ಎರಡನೆಯ ದಿನವೇ ಅವು ಸುಗಂಧಾಳ ಹಿಮ್ಮಡಿ ಕಚ್ಚಿ ಗುಳ್ಳೆ ಎಬ್ಬಿಸಿದವು. ಅವಳು ಅವನ್ನು ಸೂಟ್‌ಕೇಸಿಗೆ ತುರುಕಿ ನಮ್ಮನ್ನು ಹಾಕಿಕೊಂಡಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಾವೂ ಹೊಸಬರೇ, ನಾವೂ ಕಚ್ಚಬಹುದಿತ್ತು. ಕಚ್ಚಲಿಲ್ಲ. ಮನೆಯ ಕಾಲು ಎಂಬ ಅಭಿಮಾನ.

ಅಥೆನ್ಸಿನಲ್ಲಿ ನಿಲ್ಲದೆ ನೇರ ಬಂದರಿಗೆ ಹೋಗಿ ಹಡಗು ಹತ್ತಿದಳು. ಹಡಗೆಂದರೆ ಒಂದು ಓಣಿಯಷ್ಟು ಉದ್ದ. ಹೊಟ್ಟೆಯಲ್ಲಿ ಲಾರಿಗಳು, ಮೇಲೆ ಮನುಷ್ಯರು. ಎಲ್ಲರೂ ಜೋಡಿ ಜೋಡಿ, ಗುಂಪು ಗುಂಪು. ನಮ್ಮವಳು ಒಬ್ಬಳೇ ಕಂಬಿ ಹಿಡಿದು ನಿಂತು ನೀರು ನೋಡುತ್ತಿದ್ದಳು. ಗಾಳಿ ಸೀರೆಯನ್ನು ಎಳೆದಾಡುತ್ತಿತ್ತು. ಒಬ್ಬಳು ಬಿಳಿಯ ಹೆಂಗಸು ಬಂದು ಸೀರೆಯ ಫೋಟೋ ತೆಗೆಯಲೇ ಎಂದು ಕೇಳಿ ತೆಗೆದುಕೊಂಡಳು. ಊರು ಕೇಳಲಿಲ್ಲ, ಹೆಸರು ಕೇಳಲಿಲ್ಲ.

ನಾಕ್ಸೋಸ್ ಎಂಬ ದ್ವೀಪದಲ್ಲಿ ಇಳಿದೆವು. ಅಲ್ಲಿ ಕಲಿಯೋಪಿ ಎಂಬ ದೊಡ್ಡ ಮೈಯ, ದೊಡ್ಡ ಗಂಟಲಿನ ಹೆಂಗಸು ಮನೆಯ ಮೇಲಿನ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಅವಳಿಗೆ ಬರುತ್ತಿದ್ದದ್ದು ನಾಲ್ಕು ಇಂಗ್ಲಿಷ್ ಮಾತು, ಮಿಕ್ಕದ್ದೆಲ್ಲ ಕೈಸನ್ನೆ.

"ಒಬ್ಬಳೇ? ಗಂಡ?"

"ಇಲ್ಲ."

"ಸತ್ತ?"

"ಇಲ್ಲ, ಇಲ್ಲವೇ ಇಲ್ಲ. ಅಮ್ಮ ಇದ್ದಾಳೆ."

ಕಲಿಯೋಪಿ ಒಂದು ಗಳಿಗೆ ಯೋಚನೆ ಮಾಡಿ, "ಗಂಡನಿಗಿಂತ ಒಳ್ಳೆಯದು" ಎಂದು ಗಹಗಹಿಸಿ ನಕ್ಕು ತಟ್ಟೆ ತುಂಬ ಅಂಜೂರ ತಂದಿಟ್ಟಳು. ಸುಗಂಧಾ ಎಂದಿನಂತೆ ನಮ್ಮನ್ನು ಬಾಗಿಲ ಹೊರಗೆ ಬಿಟ್ಟಿದ್ದಳು. ಅದು ಬೆಕ್ಕುಗಳ ಊರು. ಒಂದು ಬೆಕ್ಕು ಬಂದು ನನ್ನ ಒಡಹುಟ್ಟಿನ ಕಿವಿ ಕಡಿಯತೊಡಗಿತು. ಕಲಿಯೋಪಿ ಅದನ್ನು ಗದರಿಸಿ ಓಡಿಸಿ, ನಮ್ಮಿಬ್ಬರನ್ನೂ ಬರಿಗೈಯಲ್ಲಿ ಎತ್ತಿಕೊಂಡು ಬಂದು ಮಂಚದ ಕೆಳಗೆ ಇಟ್ಟಳು. ಇಟ್ಟು ಕೈ ತೊಳೆಯಲೂ ಇಲ್ಲ, ಅದೇ ಕೈಯಿಂದ ಒಂದು ಅಂಜೂರ ತಿಂದಳು. ಸುಗಂಧಾ ಆ ಕೈಯನ್ನೇ ನೋಡುತ್ತ ಕೂತಿದ್ದಳು.

ಮೊದಲು ನೋಡಲು ಹೋದದ್ದು ಆ ಊರಿನ ದೊಡ್ಡ ಬಾಗಿಲನ್ನು. ಸಮುದ್ರದ ದಂಡೆಗೆ ಒಂದು ಗುಡ್ಡ, ಗುಡ್ಡದ ಮೇಲೆ ಕಲ್ಲಿನ ಒಂದು ಬಾಗಿಲುವಾಡ. ಗುಡಿ ಇಲ್ಲ, ಗೋಡೆ ಇಲ್ಲ, ಬರೀ ಬಾಗಿಲು. ಕಟ್ಟಲು ಸುರು ಮಾಡಿ ಅರ್ಧಕ್ಕೇ ಬಿಟ್ಟರಂತೆ. ನೋಡಿ, ಮನುಷ್ಯರ ಬುದ್ಧಿ! ದೇವರಿಗೆ ನೆರಳಿರದಿದ್ದರೂ ಚಿಂತೆಯಿಲ್ಲ, ಬಾಗಿಲು ಮೊದಲು ಬೇಕು. ನಾವು ಹೋದ ದಿನ ಸುತ್ತಲೂ ಹಗ್ಗ ಕಟ್ಟಿದ್ದರು. ಸುಗಂಧಾ ಹಗ್ಗದ ಈಚೆ ನಿಂತು ಸೂರ್ಯ ಮುಳುಗುವುದನ್ನು ನೋಡಿದಳು. "ಇದು ಬ್ಯಾಡ. ಒಳಗ ಅನ್ನೋದ ಇಲ್ಲ ಇದಕ್ಕ," ಎಂದಳು.

ಆಮೇಲೆ ಡೆಲೋಸ್. ಆ ದ್ವೀಪದಲ್ಲಿ ಯಾರೂ ವಾಸ ಮಾಡುವುದಿಲ್ಲ, ಹಗಲು ಹೋಗಿ ಹಗಲೇ ಬರಬೇಕು. ಎಲ್ಲಿ ನೋಡಿದರೂ ಬಿದ್ದ ಕಂಬ, ಒಣ ಮುಳ್ಳು, ಕಲ್ಲಿನ ಸಿಂಹ, ಸಂದಿಗೊಂದು ಹಲ್ಲಿ. ಅಲ್ಲಿ ನಮ್ಮವಳ ಖುಷಿ ನೋಡಬೇಕಿತ್ತು ನೀವು. ಹಬ್ಬದ ಸೀರೆ ಉಟ್ಟ ಹುಡುಗಿಯ ಹಾಗೆ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಓಡುತ್ತಿದ್ದಳು. "ಇದ ನೋಡು, ಇದನ್ನೇ ನಾ ಬೋರ್ಡಿನ ಮ್ಯಾಲೆ ಬರೀತಿದ್ದೆ" ಎಂದು ಯಾರಿಗೋ ಹೇಳುತ್ತಿದ್ದಳು. ಯಾರೂ ಇರಲಿಲ್ಲ, ನಮಗೇ ಇರಬೇಕು. ನಾವು ಕರ್ ಕರ್ ಎಂದು ಹೂಂಗುಟ್ಟುತ್ತಿದ್ದೆವು. ನನ್ನ ಇಡೀ ಆಯುಷ್ಯದಲ್ಲಿ ಚೆನ್ನಾಗಿ ಕಳೆದ ದಿನ ಅದೊಂದೇ.

ಆದರೆ ಸಂತೆಯ ಜಾಗಕ್ಕೆ ಬಂದಾಗ ನಿಂತುಬಿಟ್ಟಳು. ಅಲ್ಲಿ ಹಿಂದೆ ಮನುಷ್ಯರನ್ನೇ ಮಾರುತ್ತಿದ್ದರಂತೆ. ಆ ಕಡೆ ಗುಡಿ, ಈ ಕಡೆ ಮನುಷ್ಯರ ಮಾರಾಟ. "ಇಲ್ಲೂ ಹೊರಗ ನಿಂತವರು ಇದ್ದರಲ್ಲವ್ವಾ," ಎಂದಳು. ಬಿಸಿಲು ಕಾಯುತ್ತಿತ್ತು, ಕಲ್ಲು ಕಾದಿತ್ತು, ನಾನಿದ್ದೆನಾಗಿ ಅವಳ ಕಾಲು ಸುಡಲಿಲ್ಲ. ಅಲ್ಲಿನ ಗುಡಿಗಳಲ್ಲಿ ಅವಳಿಗೆ ಬೇಕಾದದ್ದು ಸಿಗಲಿಲ್ಲ. ಕೆಲವಕ್ಕೆ ಹಗ್ಗ, ಕೆಲವಕ್ಕೆ ಬುನಾದಿಯಷ್ಟೇ ಉಳಿದಿತ್ತು. ತಾಯಿ ಕೇಳಿದ್ದು ಹೊಸ್ತಿಲು.

ಕಲಿಯೋಪಿಗೆ ಫೋಟೋ ತೋರಿಸಿ, ಕೈಸನ್ನೆ ಮಾಡಿ, ಹೊಸ್ತಿಲು ಇರುವ ಗುಡಿ ಬೇಕು ಎಂದು ಹೇಳಿದಳು. ಹೊಸ್ತಿಲಿಗೆ ಸನ್ನೆ ಹೇಗೆ ಮಾಡುವುದು? ಎದ್ದು ಹೋಗಿ ಕೋಣೆಯ ಹೊಸ್ತಿಲನ್ನು ತಟ್ಟಿ ತೋರಿಸಿದಳು. ಕಲಿಯೋಪಿ ಹಣೆಗೆ ಕೈ ಬಡಿದುಕೊಂಡು, "ಇದೆ, ಇದೆ!" ಎಂದಳು. ಪಕ್ಕದ ಒಂದು ಪುಟ್ಟ ದ್ವೀಪಕ್ಕೆ ವಾರದಲ್ಲಿ ಒಂದು ಸಲ ಸಾಮಾನಿನ ದೋಣಿ ಹೋಗುತ್ತದೆ. ಅಲ್ಲಿ ಬೆಟ್ಟದ ಮೇಲೆ ಬೆಳೆ ಕೊಡುವ ದೇವಿಯ ಹಳೆಯ ಗುಡಿ ಇದೆ. ಟಿಕೆಟ್ ಇಲ್ಲ, ಹಗ್ಗ ಇಲ್ಲ. ಹೋಗಿ ಬಂದ ಮರುದಿನವೇ ಸುಗಂಧಾ ಊರಿಗೆ ಹೊರಡಬೇಕಿತ್ತು. ಅದೊಂದೇ ದಿನ ಉಳಿದಿತ್ತು ಅವಳಿಗೆ. ಅದೊಂದೇ ದಿನ ಉಳಿದಿತ್ತು ನನಗೂ.

ಆ ದಿನ ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡಳು. ಒದ್ದೆ ಬಟ್ಟೆಯಿಂದ ನಮ್ಮ ಧೂಳು ಒರೆಸಿದಳು, ಕೊಬ್ಬರಿ ಎಣ್ಣೆ ಸವರಿದಳು. ದೋಣಿಯಲ್ಲಿ ಈರುಳ್ಳಿ ಮೂಟೆ, ನೀರಿನ ಬಾಟಲಿಗಳು, ಎರಡು ಮೇಕೆ, ಮತ್ತೆ ನಾವು. ಇಳಿದು ಬೆಟ್ಟ ಹತ್ತಿದೆವು. ದಾರಿಯುದ್ದಕ್ಕೂ ನನ್ನ ಸದ್ದು ಕರ್ ಕರ್ ಎಂದು ಕಲ್ಲಿಗೆ ಬಡಿದು ತಿರುಗಿ ಬರುತ್ತಿತ್ತು. ಒಳಗೊಳಗೇ ಹಿಗ್ಗಿದ್ದೆ. ನನ್ನ ಕುಲದಲ್ಲಿ ದೇವರ ಕಾಲಿನವು ಬಿಟ್ಟರೆ ಗುಡಿಯೊಳಗೆ ಕಾಲಿಡುವ ಮೊದಲನೆಯವನು ನಾನು ಎಂದುಕೊಂಡೆ. ಬಲಗಾಲು ಮೊದಲು ಇಡುತ್ತಾರೆ ತಾನೆ? ಹಾಗಾದರೆ ನಾನೇ.

ಮೇಲೆ ಗುಡಿ ಇತ್ತು. ಐದಾರು ಕಂಬ ನಿಂತಿದ್ದವು, ಗೋಡೆಗಳು ಎದೆಯ ಮಟ್ಟಕ್ಕೆ ಉಳಿದಿದ್ದವು. ನಡುವೆ ಬಾಗಿಲು, ಬಾಗಿಲಿಗೆ ಬಿಳಿಯ ಕಲ್ಲಿನ ಹೊಸ್ತಿಲು, ಜನ ತುಳಿದು ತುಳಿದು ನಡುವೆ ತಗ್ಗಾದ ಹೊಸ್ತಿಲು. ನೆರಳಿನಲ್ಲಿ ಸ್ಟೆಲಿಯೋಸ್ ಎಂಬ ವಯಸ್ಸಾದ ಕಾವಲುಗಾರ ರೇಡಿಯೋ ಹಚ್ಚಿಕೊಂಡು ಕೂತಿದ್ದ. ತನ್ನ ಹೆಸರು ಹೇಳಿದ, ಒಳಗೆ ಹೋಗಿ ಎಂದು ಕೈ ತೋರಿಸಿದ, ಮತ್ತೆ ರೇಡಿಯೋ ಕಡೆ ತಿರುಗಿದ. ಅವನ ಬೂಟು ಧರಿಸಿದ ಕಾಲು ಗುಡಿಯ ಒಂದು ಕಲ್ಲಿನ ಮೇಲೇ ಇತ್ತು.

ಸುಗಂಧಾ ಹೊಸ್ತಿಲ ಮುಂದೆ ಬಂದು ನಿಂತಳು. ಬಲಗಾಲು ಎತ್ತಿದಳು. ನಾನು ಹೊಸ್ತಿಲ ಮೇಲಿನ ಗಾಳಿಯಲ್ಲಿದ್ದೆ. ಕೆಳಗೆ ತಗ್ಗಾದ ಬಿಳಿಕಲ್ಲು ಕಾಣುತ್ತಿತ್ತು. ಇನ್ನೊಂದು ಚೂರು ಮುಂದೆ ಹೋದರೆ ಆಯಿತು. ಕಾಲು ಅಲ್ಲೇ ನಿಂತಿತು. ಹಿಂದಕ್ಕೆ ಬಂತು.

ಅವಳು ಆ ಕಡೆ ಈ ಕಡೆ ನೋಡಿದಳು. ಯಾರಾದರೂ ನೋಡುತ್ತಿದ್ದಾರೆಯೇ ಎಂದು. ಯಾರು ನೋಡುತ್ತಾರೆ ಆ ಬೆಟ್ಟದ ಮೇಲೆ? ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. "ಯವ್ವಾ, ಕಾಲ ಏಳವಲ್ದು," ಎಂದು ತನಗೆ ತಾನೇ ಅಂದಳು. ಅವಳ ಬೆರಳುಗಳು ನನ್ನನ್ನು ಬಿಗಿಯಾಗಿ ಹಿಡಿದಿದ್ದವು, ಬೆವೆತಿದ್ದವು. ನಾನು ಒಳಗಿನಿಂದ ಕೂಗುತ್ತಿದ್ದೆ. ಇಡು ತಾಯೀ, ಇಡು! ಪೂಜಾರಿ ಇಲ್ಲ, ದೇವರೂ ಇಲ್ಲ, ನೀನೇ ಹೇಳಿದೆಯಲ್ಲ!

ಅವಳು ಬಗ್ಗಿದಳು. ಮೊದಲು ಎಡಗಾಲಿನದನ್ನು ಬಿಚ್ಚಿದಳು, ಆಮೇಲೆ ನನ್ನನ್ನು. ಇಬ್ಬರನ್ನೂ ಜೋಡಿಸಿ ಬಾಗಿಲ ಪಕ್ಕಕ್ಕೆ, ಯಾರ ದಾರಿಗೂ ಅಡ್ಡ ಬರದ ಹಾಗೆ, ಒತ್ತರಿಸಿ ಇಟ್ಟಳು. ಬರಿಗಾಲಿನಲ್ಲಿ ಒಳಗೆ ಹೋಗಿ ಕೈಮುಗಿದು ನಿಂತಳು. ಎದುರಿಗೆ ಇದ್ದದ್ದು ಖಾಲಿ ಆಕಾಶ.

ಸ್ಟೆಲಿಯೋಸ್ ತಲೆ ಎತ್ತಿ ನೋಡಿದ. "ಮೇಡಂ! ಮುಳ್ಳು! ಕಲ್ಲು ಬಿಸಿ! ಹಾಕಿಕೊಳ್ಳಿ!" ಎಂದ. ಅವಳು ಬೇಡ ಎಂದು ತಲೆಯಾಡಿಸಿದಳು. "ಇದು ಗುಡಿ," ಎಂದಳು. "ಇದು ಕಲ್ಲು," ಎಂದ ಅವನು. ಪಾಪ, ಒಳ್ಳೆಯ ಮುದುಕ. ಈ ಹೆಂಗಸಿನ ಕಾಲು ಸುಡುತ್ತದೆ ಎಂದು ಎದ್ದು ಬಂದು ನಮ್ಮಿಬ್ಬರನ್ನೂ ಕೈಯಲ್ಲಿ ಎತ್ತಿಕೊಂಡು ಅವಳಿಗೆ ಕೊಡಲು ಹೊಸ್ತಿಲ ಕಡೆ ನಡೆದ. ಆಹಾ, ಬಂತು ನನ್ನ ಗಳಿಗೆ ಎಂದುಕೊಂಡೆ. ಕಾಲಿನಲ್ಲಿ ಅಲ್ಲದಿದ್ದರೆ ಕೈಯಲ್ಲಾದರೂ ಆಯಿತು!

"ಬ್ಯಾಡ್ರೀ! ಒಳಗ ತರಬ್ಯಾಡ್ರೀ!"

ಅಪ್ಪಟ ಕನ್ನಡದಲ್ಲಿ ಚೀರಿದಳು ಸುಗಂಧಾ. ಓಡಿ ಬಂದು ಅವನ ಕೈಯಿಂದ ನಮ್ಮನ್ನು ಕಸಿದು, ಮತ್ತೆ ಅದೇ ಜಾಗದಲ್ಲಿ ಇಟ್ಟಳು. ಅವಳ ಮುಖ ಬಿಳಿಚಿಕೊಂಡಿತ್ತು. ಸ್ಟೆಲಿಯೋಸ್ ಏನೂ ತಿಳಿಯದೆ ಎರಡೂ ಕೈ ಮೇಲೆತ್ತಿ ಹಿಂದೆ ಸರಿದ. ತನ್ನಿಂದ ಏನು ತಪ್ಪಾಯಿತೋ ಎಂದು ಅವನೇ ಕ್ಷಮೆ ಕೇಳಿದ.

ಕೆಳಗಿನಿಂದ ದೋಣಿಯವನು ಕೂಗಿದ. ಅವಳು ಹೊರಗೆ ಬಂದು ನಮ್ಮನ್ನು ಹಾಕಿಕೊಂಡು ಇಳಿದಳು. ದೋಣಿ ದಡ ಬಿಟ್ಟು ಸ್ವಲ್ಪ ಹೊತ್ತಾದ ಮೇಲೆ ಫೋನ್ ಬಂತು. ಸದಾಶಿವ ಮಾಡಿಕೊಟ್ಟಿದ್ದ. ಆ ಕಡೆ ಶೇವಂತವ್ವ. ಸಮುದ್ರ ದಾಟಿ ಹೋಗಬೇಕೆಂದು ಜೋರಾಗಿ ಕೂಗಿ ಮಾತಾಡುತ್ತಿದ್ದಳು, ಕೆಳಗಿದ್ದ ನನಗೂ ಕೇಳಿಸಿತು.

"ಹೋದ್ವೇನ ಒಳಗ?"

ಸುಗಂಧಾ ಬಗ್ಗಿ ನನ್ನನ್ನು ನೋಡಿದಳು. ನೋಡು, ಚೆನ್ನಾಗಿ ನೋಡು ಎಂದುಕೊಂಡೆ ನಾನು.

"ಹೂಂ ಬೇ. ಹೋದ್ವು."

"ಹೊಸ್ತಲಾ ದಾಟಿದ್ಯಾ?"

"ದಾಟಿದೆ ಬೇ."

"ಯಾರರ ಏನರ ಅಂದ್ರೇನ?"

"ಯಾರೂ ಏನೂ ಅನ್ನಲಿಲ್ಲವ್ವ," ಎಂದಳು ಸುಗಂಧಾ. ಆ ಮಾತು ಮಾತ್ರ ಖರೆ. ಫೋನ್ ಇಟ್ಟು ಸೆರಗಿನಿಂದ ಬಾಯಿ ಒತ್ತಿ ಹಿಡಿದುಕೊಂಡು ಅತ್ತಳು. ಮೇಕೆಗಳು ಇಳಿದು ಹೋಗಿದ್ದವು, ಅವುಗಳ ವಾಸನೆ ಮಾತ್ರ ದೋಣಿಯಲ್ಲಿತ್ತು.

ಊರಿಗೆ ಬಂದ ದಿನ ಶೇವಂತವ್ವ ನಮ್ಮಿಬ್ಬರನ್ನೂ ಮಡಿಲಿಗೆ ಎತ್ತಿಕೊಂಡಳು. ಸವೆದ ಅಟ್ಟೆಯ ಮೇಲೆ ಸೊಟ್ಟ ಬೆರಳು ಆಡಿಸಿದಳು. ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಅವಳು ಮಾಡಿದ ಕೆಲಸಕ್ಕೆ ನನಗೆ ನಾಚಿಕೆಯಾಗಿ ನೆಲಕ್ಕೆ ಇಳಿದು ಹೋಗುವಂತಾಯಿತು. ಮನೆಯೊಳಗಿನ ದೇವರ ಜಗಲಿಯ ಮೇಲೆ, ದೀಪದ ಬದಿಯಲ್ಲಿ, ಒಂದು ಕೆಂಪು ಬಟ್ಟೆ ಹಾಸಿ ನಮ್ಮನ್ನು ಇಟ್ಟಳು. ಕುಂಕುಮ ಹಚ್ಚಿದಳು. "ಇನ್ನ ಇವನ್ನ ಯಾರೂ ಕಾಲಿಗಿ ಹಾಕಬ್ಯಾಡ್ರಿ. ಗುಡಿ ಹೊಕ್ಕು ಬಂದಾವು," ಎಂದಳು.

ಅಂದಿನಿಂದ ನನಗೆ ದಿನಾ ಪೂಜೆ. ಓಣಿಯ ಹೆಂಗಸರೆಲ್ಲ ಬಂದು ನೋಡಿ ಹೋದರು. ಶೇವಂತವ್ವ ಎಲ್ಲರಿಗೂ ಹೇಳಿದಳು: "ನಮ್ಮ ಸುಗಂಧಾ ಹಾಕ್ಕೊಂಡು ಒಳಗ ಹೋಗಿದ್ಲು. ಸಪ್ಪಳ ಮಾಡಿಕೋತ ಹೋಗಿದ್ಲು." ಕೇಳಿದವರ ಕಣ್ಣು ಅಗಲವಾಗುತ್ತಿದ್ದವು. ಕೆಲವರು ನನ್ನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಡೆಯಲು ಹುಟ್ಟಿದವನು ಸುಳ್ಳಿನ ಮೇಲೆ ಕೂತು ಹೂವು ಮುಡಿದಿದ್ದೆ. ತೊಗಲು ಒಣಗಿ ಬಿರಿಯತೊಡಗಿತು. ಸುಗಂಧಾ ಊರಿಗೆ ಬಂದಾಗೆಲ್ಲ ಜಗಲಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ಏನವಾ, ದೇವರಿಗಿ ಕೈಮುಗಿಯಾಂಗಿಲ್ಲೇನ?" ಎಂದು ತಾಯಿ ಕೇಳಿದರೆ 'ತಲೆನೋವು' ಎನ್ನುತ್ತಿದ್ದಳು.

ಮರುವರ್ಷ ಶೇವಂತವ್ವ ಹಾಸಿಗೆ ಹಿಡಿದಳು. ಸುಗಂಧಾ ಬಂದು ಅಲ್ಲೇ ಉಳಿದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ತಾಯಿ ಅವಳ ಕೈ ಹಿಡಿದುಕೊಂಡಳು.

"ನಾ ಹ್ವಾದ ಮ್ಯಾಲೆ ಆ ಚಪ್ಲಿ ನನ್ನ ಕಾಲಿಗಿ ಹಾಕಿ ಕಳಸ್ರಿ. ಮ್ಯಾಲ ಬಾಗಲದಾಗ ಯಾರರ ತಡದ್ರ ತೋರಸ್ತೀನಿ. ಇವು ಮೊದ್ಲ ಒಳಗ ಹೋಗಿ ಬಂದಾವು ಅಂತೀನಿ."

ಸುಗಂಧಾ ಗಂಜಿಯ ಬಟ್ಟಲನ್ನು ಕೆಳಗೆ ಇಟ್ಟಳು.

"ಯವ್ವಾ, ಅವು ಒಳಗ ಹೋಗಿಲ್ಲ."

"ಏನಂದಿ?"

"ನಾ ಹೊರಗ ಬಿಟ್ಟು ಹೋದೆ ಬೇ. ಕಾಲ ಏಳಲಿಲ್ಲ. ನಿನಗ ಸುಳ್ಳ ಹೇಳಿದೆ."

ಶೇವಂತವ್ವ ಮಂಜುಗಣ್ಣನ್ನು ಅಗಲವಾಗಿ ತೆರೆದಳು. "ಯಾರ ಬ್ಯಾಡ ಅಂದ್ರ ನಿನಗ?"

"ಯಾರೂ ಅನ್ನಲಿಲ್ಲ. ಅಲ್ಲಿ ಕಾವಲಿನವ ಹಾಕ್ಕೋ ಅಂದ. ತಾನ ಎತ್ತಿ ತಂದ. ನಾನ ಕಸಗೊಂಡು ಹೊರಗಿಟ್ಟೆ."

"ಹಾಕ್ಕೋ ಅಂದ್ನಾ?" ಎಂದಳು ಶೇವಂತವ್ವ. "ಹಾಕ್ಕೋ ಅಂದ್ರೂ?"

ಸುಗಂಧಾ ತಲೆ ತಗ್ಗಿಸಿ ಅಳುತ್ತಿದ್ದಳು. ಬೈಯುತ್ತಾಳೆ ಎಂದು ನಾನು ಕಾದೆ. ಬೈಯಲಿ ಎಂದೇ ಕಾದೆ. ಆ ದೊಡ್ಡ ಓದು ಓದಿದವಳಿಗೆ ಒಂದು ಏಟು ಬಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಶೇವಂತವ್ವ ಮಾಡಿನ ಕಡೆ ನೋಡುತ್ತ ಮಲಗಿದ್ದಳು. ಹೊರಗೆ ಯಾರದೋ ಮನೆಯಲ್ಲಿ ತೊಗಲು ಬಡಿಯುವ ಸದ್ದು ಬರುತ್ತಿತ್ತು.

"ನಾ ಆಗಿದ್ರೂ ತಗೀತಿದ್ದೆ," ಎಂದಳು ಕಡೆಗೆ.

ಆಮೇಲೆ ಸೊಸೆಯನ್ನು ಕರೆದಳು. "ಮಾಲನ, ಆ ಚಪ್ಲಿ ಜಗಲಿ ಮ್ಯಾಲಿಂದ ಇಳಸವಾ. ಹೊರಗಿಡು."

"ಇರ್ಲಿ ಬೇ," ಎಂದಳು ಸುಗಂಧಾ. "ಅಲ್ಲೇ ಇರ್ಲಿ. ನೀನ ಇಟ್ಟಿದ್ದಿ."

"ಬ್ಯಾಡ. ದೇವರ ಹಂತ್ಯಾಕ ಚಪ್ಲಿ ಇಡಬಾರದು."

ಅಷ್ಟು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದಳು. ಮಾಲನ ನನ್ನ ಮೇಲಿನ ಕುಂಕುಮವನ್ನು ಒರೆಸು ಬಟ್ಟೆಯಿಂದ ಒರೆಸಿ, ನಮ್ಮಿಬ್ಬರನ್ನೂ ಮನೆ ಮುಂದಿನ ಕಟ್ಟೆಯ ಕೆಳಗೆ ಇಟ್ಟಳು. ಇಟ್ಟು ಒಳಗೆ ಹೋಗಿ ಕೈ ತೊಳೆದುಕೊಂಡಳು, ನೀರಿನ ಸದ್ದು ಕೇಳಿಸಿತು.

ಕೆಲವೇ ದಿನಗಳಲ್ಲಿ ಶೇವಂತವ್ವ ತೀರಿಕೊಂಡಳು. ಚಪ್ಪಲಿಯ ಮಾತನ್ನು ಅವಳು ಮತ್ತೆ ಎತ್ತಿರಲಿಲ್ಲ, ಬೇರೆ ಯಾರೂ ಎತ್ತಲಿಲ್ಲ. ಅವಳನ್ನು ಬರಿಗಾಲಿನಲ್ಲೇ ಒಯ್ದರು. ನಾನು ಕಟ್ಟೆಯ ಕೆಳಗಿನಿಂದ ಅವಳ ಹಿಮ್ಮಡಿ ನೋಡಿದೆ. ಬಿರಿದು ಬಿರಿದು ಹೋಗಿತ್ತು. ಆಯುಷ್ಯವಿಡೀ ಊರಿಗೆಲ್ಲ ಹೊಲಿದವಳು ತನಗೆ ಅಂತ ಒಂದು ಜೊತೆ ಹೊಲಿದುಕೊಂಡದ್ದನ್ನು ನಾನು ಕಂಡಿಲ್ಲ.

ಈಗ ನಾನು ಅದೇ ಕಟ್ಟೆಯ ಕೆಳಗೆ ಇದ್ದೇನೆ. ಒಡಕು ಬಕೆಟ್ಟು, ಹಳೆಯ ಪೊರಕೆ, ಮತ್ತೆ ನಾವಿಬ್ಬರು. ನನ್ನ ಕಿವಿ ಒಂದು ಕಿತ್ತಿದೆ. ಕೂತು ಕೂತು ಲೆಕ್ಕ ಹಾಕುತ್ತೇನೆ, ನನ್ನನ್ನು ಹೊರಗೆ ಹಾಕಿದವರು ಯಾರು ಎಂದು. ಯಾರನ್ನು ಬೈಯಲಿ ಹೇಳಿ? ಪೂಜಾರಿ ಈ ಓಣಿಗೆ ಕಾಲಿಟ್ಟವನೇ ಅಲ್ಲ. ಸ್ಟೆಲಿಯೋಸ್ ಹಾಕಿಕೋ ಎಂದ. ಕಲಿಯೋಪಿ ಮಂಚದ ಕೆಳಗೆ ಜಾಗ ಕೊಟ್ಟಳು. ಉಳಿದವರು ತಾಯಿ ಮಗಳು, ಇಬ್ಬರೂ ನನ್ನವರು. ಬೈಯಲು ಹೊರಟರೆ ನನ್ನ ಹೊಲಿಗೆಯೇ ಬಿಚ್ಚುತ್ತದೆ.

ಹೋದ ತಿಂಗಳು ಸುಗಂಧಾ ಬಂದಿದ್ದಳು. ತನ್ನ ಪೇಟೆಯ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದವಳು ಏನು ನೆನಪಾಯಿತೋ, ಇಳಿದು ಬಂದು ಕಟ್ಟೆಯ ಕೆಳಗೆ ಕೈ ಹಾಕಿ ನಮ್ಮನ್ನು ಎಳೆದಳು. ಜೇಡರ ಬಲೆ ತೆಗೆದಳು. ಕಾಲಿಗೆ ಹಾಕಿಕೊಂಡಳು. ಮೆಟ್ಟಿಲು ಹತ್ತಿದಳು. ಸ್ವಂತ ತವರಿನ ಹೊಸ್ತಿಲು, ಯಾರ ಅಪ್ಪಣೆ ಬೇಕು? ಬಲಗಾಲು ಎತ್ತಿದಳು.

ಒಳಗಿನಿಂದ ಮಾಲನ ನೋಡಿ, "ಅಕ್ಕಾರ, ಚಪ್ಲಿ!" ಎಂದಳು.

"ಅಯ್ಯ, ಹೌದಲ್ಲ," ಎಂದು ಸುಗಂಧಾ ಬಗ್ಗಿ ನನ್ನನ್ನು ಬಿಚ್ಚಿದಳು.